ಗೊಬ್ಬರಕ್ಕೂ ಮೊದಲು ನೀರು

ಎಲೆ ಹಳದಿಗೆ ತಿರುಗಿದ ಕೂಡಲೇ ಗೊಬ್ಬರ ಹಾಕುವುದು ನಮ್ಮಲ್ಲಿ ಕೈಗೆ ಅಂಟಿದ ಅಭ್ಯಾಸ. ಹೊಲವಾದರೆ ಒಂದು ಹಿಡಿ ಯೂರಿಯಾ, ತಾರಸಿಯ ಕುಂಡವಾದರೆ ಒಂದು ಚಮಚ ಎನ್‌ಪಿಕೆ, ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ಹೈಡ್ರೋಪೋನಿಕ್ಸ್ ಪೈಪಾದರೆ ಎ ಮತ್ತು ಬಿ ಬಾಟಲಿಗಳಿಂದ ಇನ್ನೊಂದೊಂದು ಮುಚ್ಚಳ. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಅವರಿಗೂ ವ್ಯಾಪಾರ ಆಗಬೇಕಲ್ಲ. ಗೊಬ್ಬರ ಬಿದ್ದ ಮೇಲೆ ಗಿಡ ಇನ್ನಷ್ಟು ಹಳದಿಯಾದರೆ ಮತ್ತೊಂದು ಬಾಟಲಿ ಮನೆಗೆ ಬರುತ್ತದೆ.

ಹಳದಿಯಾದ ಎಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬುಡದ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗಿದ್ದರೆ ಗಿಡಕ್ಕೆ ಸಾರಜನಕ ಸಾಲುತ್ತಿಲ್ಲ ಎನ್ನಬಹುದು. ತುದಿಯ ಎಳೆ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಬೆಂಗಳೂರಿನ ತಾರಸಿಗಳಲ್ಲಿ, ಅದರಲ್ಲೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಕಡೆ, ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ. ವಿಚಿತ್ರವೆಂದರೆ ಗಿಡಕ್ಕೆ ದ್ರಾವಣ ಹರಿಸುವ ಟ್ಯಾಂಕಿನಲ್ಲಿ ಕಬ್ಬಿಣಕ್ಕೆ ಕೊರತೆಯೇ ಇರುವುದಿಲ್ಲ. ಬಾಟಲಿಯಿಂದ ಸುರಿದ ಕಬ್ಬಿಣವೆಲ್ಲ ಅಲ್ಲೇ ಇರುತ್ತದೆ. ನೀರಿನ ಪಿಎಚ್ 7.5 ದಾಟಿರುವುದರಿಂದ ಅದು ಕರಗದ ರೂಪಕ್ಕೆ ತಿರುಗಿ ತಳದಲ್ಲಿ ಕೂತಿರುತ್ತದೆ, ಬೇರಿಗೆ ಎಟುಕುವುದಿಲ್ಲ. ಇನ್ನಷ್ಟು ಗೊಬ್ಬರ ಸುರಿದರೆ ಉಪ್ಪಿನಂಶ ಏರುತ್ತದೆಯೇ ಹೊರತು ಕಬ್ಬಿಣ ಸಿಗುವುದಿಲ್ಲ.

ಹೈಡ್ರೋಪೋನಿಕ್ಸ್ ಮಾಡುವವರು ಹಗಲಿರುಳು ಜಪಿಸುವ ಎರಡು ಅಂಕಿಗಳಿವೆ: ಪಿಎಚ್ ಮತ್ತು ಇಸಿ. ಇವು ಹೊಸತೇನಲ್ಲ. ರೈತರ ಕೈಗೆ ಸರ್ಕಾರ ಕೊಡುವ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಇವೂ ಇವೆ. ಅಲ್ಲಿ ಪಿಎಚ್‌ಗೆ ರಸಸಾರ ಎಂದೂ ಇಸಿಗೆ ಲವಣಾಂಶ ಅಥವಾ ವಿದ್ಯುತ್ ವಾಹಕತೆ ಎಂದೂ ಬರೆದಿರುತ್ತಾರೆ. 2015ರಲ್ಲಿ ಆ ಯೋಜನೆ ಶುರುವಾದಾಗಿನಿಂದ ಎಷ್ಟೋ ಮನೆಗಳ ಬೀರುವಿನಲ್ಲಿ ಆ ಚೀಟಿ ಪಹಣಿಯ ಜೊತೆ ಮಡಚಿಕೊಂಡು ಮಲಗಿದೆ. ಎನ್, ಪಿ, ಕೆ ಸಾಲುಗಳನ್ನಾದರೂ ಓದುತ್ತಾರೆ, ಈ ಎರಡರತ್ತ ಕಣ್ಣು ಹಾಯಿಸುವವರು ಕಡಿಮೆ.

ಪಿಎಚ್ ಎಂದರೆ ನೀರು ಅಥವಾ ಮಣ್ಣು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ. ಈ ಮಾಪಕವನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್ ಸೋರೆನ್‌ಸೆನ್. ಅವರು ದುಡಿಯುತ್ತಿದ್ದದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಅಂದರೆ ಒಂದು ಬಿಯರ್ ಕಂಪನಿ ಕಟ್ಟಿದ ಪ್ರಯೋಗಾಲಯದಲ್ಲಿ. 7 ಎಂದರೆ ತಟಸ್ಥ, ಕೆಳಗಿಳಿದಂತೆ ಹುಳಿ, ಮೇಲೇರಿದಂತೆ ಕ್ಷಾರ. ಇದು ಹತ್ತು ಹತ್ತು ಪಟ್ಟಿನ ಲೆಕ್ಕ ಎಂಬುದನ್ನು ಮರೆಯಬಾರದು. 7ಕ್ಕಿಂತ 6 ಹತ್ತು ಪಟ್ಟು ಹುಳಿ, 5 ನೂರು ಪಟ್ಟು. 'ಬರೀ ಒಂದು ಪಾಯಿಂಟ್ ಹೆಚ್ಚು ತಾನೇ' ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ನೀರಿನಲ್ಲಿ ಬೆಳೆಯುವ ಬಹುತೇಕ ಬೆಳೆಗಳಿಗೆ 5.5ರಿಂದ 6.5, ಮಣ್ಣಿನಲ್ಲಿ ಬೆಳೆಯುವ ತರಕಾರಿಗಳಿಗೆ 6ರಿಂದ 7 ಒಗ್ಗುತ್ತದೆ. ಈ ಗಡಿಯಿಂದ ಮೇಲೆ ಹೋದರೆ ಕಬ್ಬಿಣ, ಮ್ಯಾಂಗನೀಸ್, ಸತು ಬೇರಿಗೆ ದಕ್ಕುವುದು ಕಡಿಮೆಯಾಗುತ್ತದೆ. ತೀರ ಕೆಳಗಿಳಿದರೆ ಸುಣ್ಣ (ಕ್ಯಾಲ್ಸಿಯಂ) ಮತ್ತು ಮೆಗ್ನೀಷಿಯಂ ಕೈಬಿಡುತ್ತವೆ, ಮಣ್ಣಿನಲ್ಲಾದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ.

ಇಸಿ ಎಂದರೆ ನೀರಿನ ಮೂಲಕ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು. ಶುದ್ಧ ನೀರಿನಲ್ಲಿ ಅದು ಹರಿಯುವುದು ಅತ್ಯಲ್ಪ, ಉಪ್ಪು ಕರಗಿದಷ್ಟೂ ಹೆಚ್ಚು. ನಾವು ಹಾಕುವ ರಸಗೊಬ್ಬರಗಳು ಬಹುಪಾಲು ಉಪ್ಪುಗಳೇ ಆದ್ದರಿಂದ ಈ ಅಂಕಿ ದ್ರಾವಣದ ಗಟ್ಟಿತನವನ್ನು ಹೇಳುತ್ತದೆ. ಉಪ್ಪು ಸವರಿಟ್ಟ ಸೌತೆಕಾಯಿ ಹೋಳು ನೀರು ಬಿಡುತ್ತದಲ್ಲ, ದ್ರಾವಣ ಅತಿ ಗಟ್ಟಿಯಾದರೆ ಬೇರಿಗೂ ಅದೇ ಗತಿ. ಸುತ್ತ ನೀರಿದ್ದರೂ ಎಳೆದುಕೊಳ್ಳಲಾಗದೆ ನಡುಮಧ್ಯಾಹ್ನ ಗಿಡ ಬಾಡುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ. ಲೆಟ್ಯೂಸ್‌ಗೆ ಇಸಿ 1ರ ಆಸುಪಾಸಿನಲ್ಲಿದ್ದರೆ ಸಾಕು. ಸ್ಟ್ರಾಬೆರಿ ಕೂಡ ಉಪ್ಪು ತಡೆಯದ ಬೆಳೆ. ಪಾಲಕ್ ಮತ್ತು ದೊಣ್ಣೆಮೆಣಸಿನಕಾಯಿ 2ರ ಹತ್ತಿರ ಚೆನ್ನಾಗಿರುತ್ತವೆ, ಟೊಮೆಟೊ 2ರಿಂದ 3.5ರವರೆಗೂ ಜೀರ್ಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಯೊಳಗಿನ ಹೈಡ್ರೋಪೋನಿಕ್ಸ್ ಬಗ್ಗೆ ವಿಡಿಯೊಗಳಲ್ಲಿ ಹರಿದಾಡುವ ಗೊಬ್ಬರದ ಪಟ್ಟಿಗಳಲ್ಲಿ ಎಷ್ಟೋ ಸಿದ್ಧವಾದದ್ದು ಗಾಂಜಾ ಬೆಳೆಗಾರರಿಗಾಗಿ. ಕೆನಡಾದಲ್ಲಿ 2018ರಿಂದ, ಅಮೆರಿಕದ ಹಲವು ರಾಜ್ಯಗಳಲ್ಲೂ, ಆ ಬೆಳೆಗೆ ಕಾನೂನಿನ ಒಪ್ಪಿಗೆಯಿದೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಪರವಾನಗಿ ಇಲ್ಲದೆ ಬೆಳೆಯುವುದು ಅಪರಾಧ, ಕುಂಡದಲ್ಲಿ ಒಂದೇ ಗಿಡವಾದರೂ ಅಷ್ಟೇ. ಕಾನೂನಿನ ಮಾತು ಹಾಗಿರಲಿ. ಅದು ಹೂವಿನ ಹಂತದಲ್ಲಿ ಇಸಿ 2ರ ಆಸುಪಾಸಿನ ಗಟ್ಟಿ ದ್ರಾವಣವನ್ನು ಉಣ್ಣುವ ಬೆಳೆ. 'ಗ್ರೋ', 'ಬ್ಲೂಮ್' ಎಂದು ವಾರವಾರಕ್ಕೂ ಪ್ರಮಾಣ ಏರಿಸುತ್ತ ಹೋಗುವ ಅಂಥ ಪಟ್ಟಿಯನ್ನು ಹೂವೇ ಬಿಡಬಾರದ ಲೆಟ್ಯೂಸ್‌ಗೆ ಅನ್ವಯಿಸಿದರೆ ಮೂರನೇ ವಾರಕ್ಕೆ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಪಟ್ಟಿ ಯಾವ ಬೆಳೆಯದ್ದು ಎಂದು ಕೇಳದೆ ಅಳತೆ ಎತ್ತಿಕೊಳ್ಳಬೇಡಿ.

ಅಳತೆಯ ಮಾತು ಬಂದಾಗ ಪಿಪಿಎಂ ಎಂಬ ಇನ್ನೊಂದು ಗೊಂದಲ. ವಾಟರ್ ಫಿಲ್ಟರ್ ಸರ್ವಿಸ್‌ಗೆ ಬಂದ ಹುಡುಗ ಲೋಟಕ್ಕೆ ಅದ್ದಿ 'ನೋಡಿ ಸರ್, ನಿಮ್ಮ ಟಿಡಿಎಸ್ ಆರುನೂರು' ಎಂದು ಹೆದರಿಸುವ ಪೆನ್ ಇದೆಯಲ್ಲ, ಅದು ಅಳೆಯುವುದೂ ಇಸಿಯನ್ನೇ. ಅಳೆದ ಮೇಲೆ ಒಂದು ಗುಣಕದಿಂದ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ಆ ಗುಣಕ ಕೆಲವು ಮೀಟರ್‌ಗಳಲ್ಲಿ 500, ಕೆಲವಲ್ಲಿ 700. ಇಸಿ 1.2 ಇರುವ ಒಂದೇ ದ್ರಾವಣವನ್ನು ಒಂದು ಮೀಟರ್ 600 ಎನ್ನುತ್ತದೆ, ಇನ್ನೊಂದು 840 ಎನ್ನುತ್ತದೆ. ಇಬ್ಬರು ಗೆಳೆಯರು ಫೋನಿನಲ್ಲಿ ಪಿಪಿಎಂ ಹೋಲಿಸಿಕೊಂಡು ಒಬ್ಬ ನೀರು ಬೆರೆಸುತ್ತಾನೆ, ಒಬ್ಬ ಗೊಬ್ಬರ ಬೆರೆಸುತ್ತಾನೆ. ಪಿಪಿಎಂ ಅನ್ನು ಪಕ್ಕಕ್ಕಿಟ್ಟು ಇಸಿಯಲ್ಲೇ ಮಾತಾಡುವುದು ಒಳ್ಳೆಯದು.

ಈಗ ನೀರಿಗೆ ಬರೋಣ, ಮುಖ್ಯ ವಿಷಯ ಇರುವುದು ಇಲ್ಲೇ. ಪಿಎಚ್ ಪೆನ್ ಕೊಂಡವರೆಲ್ಲ ಮೊದಲು ಮಾಡುವ ಕೆಲಸ ಆಸಿಡ್ ಹನಿಸುವುದು. ಸಂಜೆ 5.8ಕ್ಕೆ ಇಳಿಸಿ ಮಲಗುತ್ತಾರೆ, ಬೆಳಿಗ್ಗೆ ನೋಡಿದರೆ 7.2. ಮತ್ತೆ ಆಸಿಡ್, ಮತ್ತೆ ಏರಿಕೆ. ಮೀಟರ್ ಕೆಟ್ಟಿದೆ ಎಂದು ಅದನ್ನು ವಾಪಸ್ ಕಳಿಸಿದವರೂ ಇದ್ದಾರೆ. ಮೀಟರಿನದು ತಪ್ಪಿಲ್ಲ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಬಿದ್ದ ಆಸಿಡ್ಡನ್ನು ಅದು ನುಂಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಏರ್‌ಪಂಪ್ ರಾತ್ರಿಯಿಡೀ ಗುಳ್ಳೆ ಎಬ್ಬಿಸುವಾಗ ಆ ಅನಿಲ ಹಾರಿಹೋಗುತ್ತದೆ, ಉಳಿದ ಬೈಕಾರ್ಬೊನೇಟ್ ಪಿಎಚ್ಚನ್ನು ಮತ್ತೆ ಮೇಲಕ್ಕೆತ್ತುತ್ತದೆ. ನೀರಿನ ಈ ಹಠಕ್ಕೆ ಕ್ಷಾರತೆ ಎಂದು ಹೆಸರು. ಅದು ಪಿಎಚ್ ಅಲ್ಲ, ಪಿಎಚ್ ಪೆನ್ ಅದನ್ನು ತೋರಿಸುವುದೂ ಇಲ್ಲ. ಎರಡು ಬೋರ್‌ವೆಲ್‌ಗಳ ಪಿಎಚ್ ಒಂದೇ ಸಮ 7.8 ಇರಬಹುದು. ಒಂದರ ಕ್ಷಾರತೆ ಲೀಟರಿಗೆ 60 ಮಿಲಿಗ್ರಾಂ, ಇನ್ನೊಂದರದ್ದು 300 ಆಗಿದ್ದರೆ ಎರಡನೆಯದಕ್ಕೆ ಐದು ಪಟ್ಟು ಆಸಿಡ್ ಬೇಕು. ನಲ್ಲಿಯ ತುದಿಯಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಹೆಕ್ಕಳೆ ಕಟ್ಟುವ ಮನೆಯವರಿಗೆ ಲ್ಯಾಬ್ ವರದಿ ಬರುವ ಮೊದಲೇ ಅರ್ಧ ಉತ್ತರ ಸಿಕ್ಕಿದೆ ಎಂದುಕೊಳ್ಳಿ.

ಐದು ಪಟ್ಟು ಬೇಕಾದರೆ ಐದು ಪಟ್ಟು ಹಾಕಿದರಾಯಿತು ಎನ್ನುವಂತಿಲ್ಲ. ಲೆಕ್ಕ ಹಾಕಿ ನೋಡೋಣ. ಕ್ಷಾರತೆ 300 ಇರುವ 100 ಲೀಟರ್ ನೀರನ್ನು 5.8ಕ್ಕೆ ತಂದು ನಿಲ್ಲಿಸಲು ಶೇ. 85ರ ಫಾಸ್ಫರಿಕ್ ಆಸಿಡ್ ಸುಮಾರು 30 ಮಿಲಿಲೀಟರ್ ಬೇಕಾಗುತ್ತದೆ. ಅಷ್ಟು ಆಸಿಡ್ಡಿನ ಜೊತೆ ಪ್ರತಿ ಲೀಟರಿಗೆ 140 ಮಿಲಿಗ್ರಾಂನಷ್ಟು ರಂಜಕವೂ ಟ್ಯಾಂಕಿಗೆ ಸೇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೆನಿಸ್ ಹೋಗ್ಲಂಡ್ ಮತ್ತು ಡೇನಿಯಲ್ ಆರ್ನನ್ 1938ರಲ್ಲಿ ಪ್ರಕಟಿಸಿದ, ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಪೋಷಕ ದ್ರಾವಣದಲ್ಲಿ ರಂಜಕ ಇರುವುದು ಲೀಟರಿಗೆ 31 ಮಿಲಿಗ್ರಾಂ ಮಾತ್ರ. ನಾಲ್ಕು ಪಟ್ಟಿಗೂ ಮೀರಿದ ರಂಜಕ ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುತ್ತದೆ. ಕಬ್ಬಿಣ ಸಿಗಲೆಂದು ಆಸಿಡ್ ಹಾಕಿ, ಆ ಆಸಿಡ್ಡಿನಿಂದಲೇ ಕಬ್ಬಿಣ ಕಳೆದುಕೊಂಡಂತಾಯಿತು. ಪಾಲಿಹೌಸ್‌ನ ದೊಡ್ಡ ಬೆಳೆಗಾರರು ಇಂಥ ನೀರಿಗೆ ನೈಟ್ರಿಕ್ ಆಸಿಡ್ ಬಳಸಿ, ಅದರಿಂದ ಸೇರುವ ಸಾರಜನಕವನ್ನು ಗೊಬ್ಬರದ ಲೆಕ್ಕದಲ್ಲಿ ಕಳೆಯುತ್ತಾರೆ. ಅದು ಕೈ ಸುಡುವ, ಹೊಗೆಯಾಡುವ ಆಸಿಡ್, ಮನೆಯ ತಾರಸಿಗೆ ನಾನು ಸರ್ವಥಾ ಹೇಳುವುದಿಲ್ಲ. ಯಾವ ಆಸಿಡ್ಡೇ ಆಗಲಿ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರು ಸುರಿಯಬಾರದು. ವಿನೆಗರ್, ನಿಂಬೆಹುಳಿ ಹಾಕುವವರಿಗೊಂದು ಮಾತು: ಸೂಕ್ಷ್ಮಾಣುಗಳು ಅವನ್ನು ತಿಂದು ಮುಗಿಸುತ್ತವೆ, ಎರಡು ದಿನದಲ್ಲಿ ಪಿಎಚ್ ಇದ್ದಲ್ಲಿಗೇ ಬರುತ್ತದೆ.

ತಾರಸಿ ಮಟ್ಟದಲ್ಲಿ ಸುಲಭದ ದಾರಿ ಮಳೆನೀರು. ಸಂಪಿನಲ್ಲಿ ಹಿಡಿದಿಟ್ಟ ಮಳೆನೀರನ್ನು ಬೋರ್‌ವೆಲ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಕ್ಷಾರತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಆಸಿಡ್ ಖರ್ಚೂ ಅರ್ಧ. ಆರ್‌ಒ ನೀರೂ ಆದೀತು, ಆದರೆ ಅದರಲ್ಲಿ ಸುಣ್ಣ, ಮೆಗ್ನೀಷಿಯಂ ಇರುವುದೇ ಇಲ್ಲವೆನ್ನಬೇಕು, ಎರಡನ್ನೂ ಗೊಬ್ಬರದಿಂದಲೇ ಕೊಡಬೇಕು. ಇನ್ನು ಆರ್‌ಒ ಯಂತ್ರ ಹೊರಹಾಕುವ ನೀರು. ವ್ಯರ್ಥವಾಗಬಾರದೆಂದು ಅದನ್ನು ಬಕೆಟ್ಟಿನಲ್ಲಿ ಹಿಡಿದು ಕುಂಡಗಳಿಗೆ ಸುರಿಯುವ ಮನೆಗಳು ಬೇಕಾದಷ್ಟಿವೆ. ಉದ್ದೇಶ ಒಳ್ಳೆಯದು, ಆದರೆ ಬೋರ್‌ವೆಲ್‌ನ ಉಪ್ಪೆಲ್ಲ ಸಾಂದ್ರವಾಗಿ ಬರುವುದು ಅದರಲ್ಲೇ. ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ.

ಟ್ಯಾಂಕ್ ತುಂಬಿಸಿದ ಮೇಲೆ ಇಸಿಯ ಏರಿಳಿತವನ್ನು ಓದಲು ಕಲಿಯಬೇಕು. ಏಪ್ರಿಲ್ ಬಿಸಿಲಿನಲ್ಲಿ 100 ಲೀಟರ್ ಟ್ಯಾಂಕಿಗೆ ಇಸಿ 1.2ರ ದ್ರಾವಣ ತುಂಬಿಸಿದಿರಿ ಎನ್ನಿ. ಮೂರು ದಿನ ಬಿಟ್ಟು ನೋಡಿದರೆ 70 ಲೀಟರ್ ಉಳಿದಿದೆ, ಇಸಿ 1.5 ಆಗಿದೆ. ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಕುಡಿದಿದೆ, ಬರೀ ನೀರು ತುಂಬಿಸಿದರೆ ಸಾಕು. ಇಸಿ 0.9ಕ್ಕೆ ಇಳಿದಿದ್ದರೆ ಗಿಡ ಉಣ್ಣುತ್ತಿದೆ ಎಂದರ್ಥ, ಗೊಬ್ಬರ ಸೇರಿಸಿ. ಪಿಎಚ್ ನಿಧಾನವಾಗಿ ಏರುತ್ತಿದ್ದರೆ ಗಾಬರಿ ಬೇಡ. ಬೇರು ನೈಟ್ರೇಟ್ ರೂಪದ ಸಾರಜನಕ ಹೀರುವಾಗ ಪಿಎಚ್ ಏರುವುದು, ಅಮೋನಿಯಂ ಹೀರುವಾಗ ಇಳಿಯುವುದು ಸಹಜ. 5.6ರಿಂದ 6.3ರ ನಡುವೆ ಅದು ತೂಗಾಡಿಕೊಂಡಿದ್ದರೆ ಬಿಟ್ಟುಬಿಡಿ. ಗಂಟೆಗೊಮ್ಮೆ ಆಸಿಡ್ ಹನಿಸಿ 5.8ರಲ್ಲೇ ನಿಲ್ಲಿಸಲು ಹೊರಡುವುದು ಗಿಡಕ್ಕೂ ಕಷ್ಟ, ನಿಮಗೂ ಕಷ್ಟ.

ಮೀಟರಿಗೆ ಕಾಣದ ಸಂಗತಿಯೊಂದಿದೆ. ಇಸಿ ಪೆನ್ನಿಗೆ ಪೊಟ್ಯಾಷ್ ಬೇರೆ, ಅಡುಗೆ ಉಪ್ಪು ಬೇರೆ ಎಂದು ಗೊತ್ತಾಗುವುದಿಲ್ಲ. ಬೋರ್‌ವೆಲ್ ನೀರಿನಲ್ಲೇ ಇಸಿ 0.8 ಇದ್ದರೆ ನೀವು ಗೊಬ್ಬರಕ್ಕೆ ಬಿಟ್ಟ ಜಾಗ 0.4 ಮಾತ್ರ. ದಿನ ಕಳೆದಂತೆ ಗಿಡ ತನಗೆ ಬೇಕಾದದ್ದನ್ನು ಆರಿಸಿಕೊಂಡು ಸೋಡಿಯಂ, ಕ್ಲೋರೈಡ್‌ಗಳನ್ನು ಟ್ಯಾಂಕಿನಲ್ಲೇ ಬಿಡುತ್ತದೆ. ಪೆನ್ನಿನಲ್ಲಿ ಅಂಕಿ ಸರಿಯಾಗಿದೆ, ಟ್ಯಾಂಕಿನಲ್ಲಿ ಊಟವಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ದ್ರಾವಣವನ್ನು ಪೂರ್ತಿ ಬದಲಿಸಿ ಎನ್ನುವುದು ಇದಕ್ಕೇ. ಎ ಮತ್ತು ಬಿ ಎಂದು ಎರಡು ಬಾಟಲಿ ಮಾಡಿರುವುದಕ್ಕೂ ಕಾರಣವಿದೆ. ಕ್ಯಾಲ್ಸಿಯಂ ನೈಟ್ರೇಟ್ ಒಂದರಲ್ಲಿ, ಸಲ್ಫೇಟ್ ಮತ್ತು ಫಾಸ್ಫೇಟ್‌ಗಳು ಇನ್ನೊಂದರಲ್ಲಿ. ನೀರಿಗೆ ಹಾಕದೆ ಎರಡನ್ನೂ ಒಂದೇ ಮಗ್ಗಿನಲ್ಲಿ ಬೆರೆಸಿದರೆ ಕಣ್ಣೆದುರೇ ಬಿಳಿ ಗಸಿ ಇಳಿಯುತ್ತದೆ. ಅದು ಜಿಪ್ಸಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್. ಆ ದುಡ್ಡು ತಳ ಸೇರಿತು. ಕಬ್ಬಿಣ ಕೊಳ್ಳುವಾಗಲೂ ಲೇಬಲ್ ಓದಿ. ಇಡಿಟಿಎ ರೂಪದ ಕಬ್ಬಿಣ ಪಿಎಚ್ 6.5ರ ಮೇಲೆ ನೆಚ್ಚಿಕೊಳ್ಳುವಂಥದ್ದಲ್ಲ. ಡಿಟಿಪಿಎ ರೂಪದ್ದು 7ರ ಆಚೆಗೂ ತಾಳುತ್ತದೆ.

ಕೋಕೋಪೀಟ್ ಬಳಸುವವರ ಸಮಸ್ಯೆ ಸ್ವಲ್ಪ ಬೇರೆ. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ನಾರಿನ ಪುಡಿ ಎಲ್ಲ ನರ್ಸರಿಗಳಲ್ಲೂ ಇಟ್ಟಿಗೆಯ ರೂಪದಲ್ಲಿ ಸಿಗುತ್ತದೆ. ತೊಳೆಯದ ಪುಡಿಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಹೇರಳ. ಅವು ಅಂಟಿಕೊಂಡ ಜಾಗಕ್ಕೆ ನೀವು ಕೊಟ್ಟ ಸುಣ್ಣ ಹೋಗಿ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಿಂಡಿದರೆ ಈ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗಿಸಿದ ಕೋಕೋಪೀಟ್ ಮತ್ತು ಅದಕ್ಕೆ ಹೊಂದುವ 'ಅರ್ಕ ಸಸ್ಯ ಪೋಷಕ ರಸ' ಎಂಬ ದ್ರಾವಣವನ್ನು ರೂಪಿಸಿದ್ದಾರೆ. ಹೊಸಬರು ಬೇರೆ ದೇಶದ ಬಣ್ಣದ ಬಾಟಲಿಗಳಿಗಿಂತ ಅದರಿಂದ ಶುರು ಮಾಡುವುದು ಮೇಲು.

ಮಣ್ಣಿನಲ್ಲಿ ಬೆಳೆಯುವವರಿಗೆ ಇಷ್ಟು ಗೋಳಿಲ್ಲ. ಜೇಡಿ ಮತ್ತು ಸಾವಯವ ಅಂಶ ಹುಳಿಯನ್ನೂ ಉಪ್ಪನ್ನೂ ಹಿಡಿದು ಬಿಡುತ್ತ ತಾವೇ ಹದ ಕಾಯುತ್ತವೆ. ಅಂದಹಾಗೆ ಹೋಗ್ಲಂಡ್ ಮತ್ತು ಆರ್ನನ್ ಅದೇ 1938ರ ಪುಸ್ತಿಕೆಯಲ್ಲಿ, ಒಳ್ಳೆಯ ಮಣ್ಣಿನಲ್ಲಿ ಬೆಳೆದ ಟೊಮೆಟೊಗಿಂತ ನೀರಿನಲ್ಲಿ ಬೆಳೆದದ್ದು ಇಳುವರಿಯಲ್ಲಿ ಅಂಥ ಮೇಲುಗೈ ಏನೂ ಸಾಧಿಸಲಿಲ್ಲ ಎಂದಿದ್ದರು. ಹೈಡ್ರೋಪೋನಿಕ್ಸ್ ಕಿಟ್ ಮಾರುವವರು ಈ ಸಾಲನ್ನು ಹೇಳುವುದಿಲ್ಲ.

ಆದರೆ ಮಣ್ಣು ಹದ ತಪ್ಪಿದ್ದರೆ ಸರಿಪಡಿಸಲು ತಿಂಗಳುಗಳೇ ಬೇಕು, ನಮ್ಮ ರಾಜ್ಯದಲ್ಲಿ ಎರಡೂ ತುದಿಯ ಮಣ್ಣುಗಳಿವೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆ ಸುಣ್ಣ, ಮೆಗ್ನೀಷಿಯಂಗಳನ್ನು ತೊಳೆದೊಯ್ದು ಪಿಎಚ್ 5ರ ಆಸುಪಾಸಿಗೆ ಇಳಿದಿರುತ್ತದೆ. ಅಲ್ಲಿ ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಅಡಿಕೆ, ಕಾಫಿ ತೋಟಗಳಿಗೆ ಸುಣ್ಣ ಅಥವಾ ಡೋಲೊಮೈಟ್ ಹಾಕುವುದು ಇದಕ್ಕೇ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಬೇಡ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಕೆಲವು ವಾರಗಳ ಅಂತರ ಇರಲಿ.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಇದಕ್ಕೆ ತದ್ವಿರುದ್ಧ. ಪಿಎಚ್ 8 ದಾಟಿದ, ಸುಣ್ಣಕಲ್ಲು ಬೆರೆತ ನೆಲದಲ್ಲಿ ಶೇಂಗಾ, ಕಬ್ಬು ಎಳೆಯದರಲ್ಲೇ ಬೆಳ್ಳಗಾಗುವುದನ್ನು ಅಲ್ಲಿಯ ರೈತರು ಬಲ್ಲರು. ಮಣ್ಣಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಹಾಕಿದರೆ ಕೆಲವೇ ದಿನಗಳಲ್ಲಿ ಅದು ಕರಗದ ರೂಪಕ್ಕೆ ತಿರುಗುತ್ತದೆ. ಶೇ. 0.5ರ ಅನ್ನಭೇದಿಗೆ ಶೇ. 0.1ರಷ್ಟು ನಿಂಬೆಹುಳಿ ಸೇರಿಸಿ ಎಲೆಗೇ ಸಿಂಪಡಿಸಿದರೆ ಎದ್ದು ಕಾಣುವ ಫಲ ಸಿಗುತ್ತದೆ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಸವುಳು ಭೂಮಿಯ ಕತೆ ಇನ್ನೊಂದು ಹಂತದ್ದು. ಮಣ್ಣಿನ ಸಾರದ ಇಸಿ 4 ದಾಟಿದರೆ ಅದು ಚೌಳು. ಪಿಎಚ್ 8.5 ದಾಟಿ ಸೋಡಿಯಂ ಸೇರಿಕೊಂಡರೆ ಕರ್ಲು. ಮೊದಲನೆಯದಕ್ಕೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಬೇಕು, ಎರಡನೆಯದಕ್ಕೆ ಅದಕ್ಕೂ ಮೊದಲು ಜಿಪ್ಸಂ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಕೆಲಸದಲ್ಲಿ ದಶಕಗಳಿಂದ ತೊಡಗಿದೆ. ಎರಡನ್ನೂ ಒಂದೇ ಎಂದುಕೊಂಡು ಬರೀ ನೀರು ನಿಲ್ಲಿಸಿದವರ ಹೊಲದಲ್ಲಿ ನೆಲ ಇನ್ನಷ್ಟು ಗಟ್ಟಿಯಾಗುತ್ತದೆ.

ಮೀಟರ್ ಬಗ್ಗೆ ಎರಡು ಮಾತು. ಪಿಎಚ್ ಪೆನ್ನಿನ ಜೊತೆ ಬರುವ ಪುಡಿ ಪೊಟ್ಟಣಗಳನ್ನು ಎಸೆಯಬೇಡಿ. ಅವುಗಳನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಪೆನ್ ಅದ್ದಿ, ಅಂಕಿ ಸರಿಹೊಂದಿಸಿಕೊಳ್ಳಬೇಕು. ತಿಂಗಳಿಗೆ ಒಂದೆರಡು ಸಲವಾದರೂ ಈ ಕೆಲಸ ಆಗಬೇಕು. ಗಾಜಿನ ತುದಿ ಒಣಗಿದರೆ ಪೆನ್ ಸುಳ್ಳು ಹೇಳಲು ಶುರು ಮಾಡುತ್ತದೆ. ಮುಚ್ಚಳದಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ ಇರಲಿ, ಆರ್‌ಒ ನೀರು ಬೇಡ. ನೀರು ಬಿಸಿಯಾದಂತೆ ಇಸಿ ಪ್ರತಿ ಡಿಗ್ರಿಗೆ ಶೇ. 2ರಷ್ಟು ಏರುತ್ತದೆ, ತಾಪಮಾನದ ವ್ಯತ್ಯಾಸವನ್ನು ತಾನೇ ಸರಿದೂಗಿಸುವ ಪೆನ್ ಕೊಳ್ಳಿ. ಮಣ್ಣಿಗೆ ಚುಚ್ಚಿ ನೋಡುವ, ಬ್ಯಾಟರಿಯೇ ಇಲ್ಲದ ಮುಳ್ಳಿನ ಮೀಟರ್‌ಗಳನ್ನು ನಾನು ನಂಬುವುದಿಲ್ಲ. ನಮ್ಮ ಲ್ಯಾಬ್‌ಗಳಲ್ಲಿ ಮಾಡುವಂತೆ ಒಂದು ಪಾಲು ಒಣಮಣ್ಣಿಗೆ ಎರಡೂವರೆ ಪಾಲು ಡಿಸ್ಟಿಲ್ಡ್ ನೀರು ಹಾಕಿ, ಅರ್ಧ ಗಂಟೆ ಆಗಾಗ ಕಲಕಿ, ಅದಕ್ಕೆ ಪೆನ್ ಅದ್ದಿದರೆ ಮನೆಯಲ್ಲೇ ನಂಬಬಹುದಾದ ಅಂಕಿ ಸಿಗುತ್ತದೆ.

ತಾರಸಿಯಲ್ಲಿ ಪೈಪ್ ಕೂರಿಸುವ ಯೋಚನೆ ಇರುವವರು, ತೋಟಕ್ಕೆ ಹನಿ ನೀರಾವರಿಯಲ್ಲೇ ರಸಗೊಬ್ಬರ ಬಿಡುವವರು, ಮುಂದಿನ ಬಾಟಲಿ ಕೊಳ್ಳುವ ಮೊದಲು ಒಂದು ಲೀಟರ್ ನೀರನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ನೀರು ಪರೀಕ್ಷಿಸುವ ಲ್ಯಾಬ್‌ಗೋ ಕೊಟ್ಟು ಬನ್ನಿ. ಬೋರ್‌ವೆಲ್ ಆದರೆ ಹತ್ತು ನಿಮಿಷ ಮೋಟಾರ್ ಓಡಿಸಿದ ಮೇಲೆ ಹಿಡಿದ ನೀರಾಗಿರಲಿ, ಬಾಟಲಿ ಅದೇ ನೀರಿನಿಂದ ತೊಳೆದದ್ದಾಗಿರಲಿ. ಪಿಎಚ್ ಮತ್ತು ಇಸಿ ಅವರು ಹೇಗೂ ನೋಡುತ್ತಾರೆ. ಬೈಕಾರ್ಬೊನೇಟ್, ಸೋಡಿಯಂ, ಕ್ಲೋರೈಡ್ ಕೂಡ ಬೇಕೆಂದು ಕೇಳಿ ಬರೆಸಿ.